ಪೊಟ್ಟಣದ ಬೆನ್ನ ಮೇಲಿನ ಲೆಕ್ಕ

ನಮ್ಮ ಅತ್ತೆಯವರು ಯಾವ ಪೊಟ್ಟಣವನ್ನೂ ಓದದೆ ಚೀಲಕ್ಕೆ ಹಾಕಿಕೊಂಡವರಲ್ಲ. ಎಪ್ಪತ್ತು ದಾಟಿದ ಈ ವಯಸ್ಸಿನಲ್ಲೂ ಅಂಗಡಿಯ ಬೆಳಕಿಗೆ ತಿರುಗಿ ನಿಂತು, ಪೊಟ್ಟಣವನ್ನು ಒಂದು ತೋಳಿನಷ್ಟು ದೂರ ಹಿಡಿದು, ಮೊದಲು ಹಸಿರು ಚುಕ್ಕೆ ಇದೆಯೇ ಎಂದು ನೋಡುತ್ತಾರೆ. ಆಮೇಲೆ ತಯಾರಾದ ತಾರೀಖು, ಎಷ್ಟು ತಿಂಗಳೊಳಗೆ ಬಳಸಬೇಕೆಂಬ ಸಾಲು, ಕೊನೆಗೆ ಎಂಆರ್‌ಪಿ. ಶೆಟ್ಟರು ಹೇಳಿದ ಬೆಲೆ ಅಚ್ಚಾದದ್ದಕ್ಕಿಂತ ಒಂದು ರೂಪಾಯಿ ಹೆಚ್ಚಾಗಿದ್ದರೂ ವಿಚಾರಣೆ ಅಲ್ಲಿಯೇ ನಡೆಯುತ್ತದೆ. ಇಂಗ್ಲಿಷ್ ಬಾರದ ಅತ್ತೆ ಇಷ್ಟನ್ನೂ ಇಂಗ್ಲಿಷಿನಲ್ಲಿ ಅಚ್ಚಾದ ಪೊಟ್ಟಣದಿಂದಲೇ ತಿಳಿದುಕೊಳ್ಳುತ್ತಾರೆ. ಅವರು ಓದದೆ ಬಿಡುವುದು ಒಂದೇ ಒಂದು ಭಾಗವನ್ನು. ಪೊಟ್ಟಣದ ಬೆನ್ನ ಮೇಲೆ, ಅಂಟಿಸಿದ ಮಡಿಕೆಯ ಪಕ್ಕದಲ್ಲಿ, ಇರುವೆ ಸಾಲಿನ ಹಾಗೆ ಕಾಣುವ ಪೋಷಕಾಂಶಗಳ ಪಟ್ಟಿಯನ್ನು.

ಕಳೆದ ವರ್ಷ ಅವರಿಗೆ ಬಿಪಿ ಹೆಚ್ಚಾದಾಗ ವೈದ್ಯರು ಉಪ್ಪು ಕಡಿಮೆ ಮಾಡಿ ಎಂದರು. ಅತ್ತೆ ಮಾತನ್ನು ಶಿರಸಾವಹಿಸಿ ಪಾಲಿಸಿದರು. ಸಾರಿಗೆ ಹಾಕುವ ಉಪ್ಪು ಕಡಿಮೆಯಾಯಿತು, ಹಪ್ಪಳ ನಿಂತಿತು, ಮಜ್ಜಿಗೆಗೆ ಉಪ್ಪಿನ ಬದಲು ಜೀರಿಗೆ ಪುಡಿ ಬಂತು. ರಾತ್ರಿಯ ಊಟ ಹಗುರವಾಗಿರಲಿ ಎಂದು ಪೊಟ್ಟಣದ ಸೂಪ್ ಪುಡಿಯನ್ನು ಬಿಸಿನೀರಿಗೆ ಹಾಕಿಕೊಂಡು ಕುಡಿಯುವ ಅಭ್ಯಾಸವೂ ಅದೇ ದಿನಗಳಲ್ಲಿ ಬಂತು. ಒಂದು ಸಂಜೆ ನಾನು ಆ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಒಂದು ಬಟ್ಟಲು ಸೂಪಿನಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಇತ್ತು. ಅಂದರೆ ಒಂದೂವರೆ ಗ್ರಾಂ ಉಪ್ಪು. ಒಬ್ಬ ವಯಸ್ಕರಿಗೆ ಇಡೀ ದಿನಕ್ಕೆ ಸಲ್ಲುವ 5 ಗ್ರಾಮಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು. ಹಾಗೆಂದಾಗ ಅವರು ಕೇಳಿದ್ದು, “ಸೋಡಿಯಂ ಅಂದ್ರೆ ಉಪ್ಪೇನಮ್ಮಾ? ಹಾಗಾದ್ರೆ ಉಪ್ಪು ಅಂತ ಬರೆಯೋಕೆ ಅವರಿಗೇನು ಧಾಡಿ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಈ ಬರಹಕ್ಕೆ ಕಾರಣ.

‘ನಮ್ಮ ಜನ ಲೇಬಲ್ ಓದುವುದಿಲ್ಲ’ ಎಂಬ ಮಾತನ್ನು ಓದಿದವರ ಬಾಯಲ್ಲಿ ನಾನು ಅನೇಕ ಸಲ ಕೇಳಿದ್ದೇನೆ, ಒಂದೆರಡು ಸಲ ನಾನೂ ಆಡಿದ್ದೇನೆ. ಈಗ ಅದು ನಿಜವೆಂದು ನನಗೆ ಅನ್ನಿಸುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ದೆಹಲಿ ಮತ್ತು ಹೈದರಾಬಾದಿನ ಸೂಪರ್ ಮಾರ್ಕೆಟ್ ಗ್ರಾಹಕರನ್ನು ಮಾತನಾಡಿಸಿ ನಡೆಸಿದ ಅಧ್ಯಯನದಲ್ಲಿ ಬಹುಪಾಲು ಮಂದಿ ಲೇಬಲ್ ನೋಡುವವರೇ ಆಗಿದ್ದರು. ಆದರೆ ಅವರು ನೋಡುತ್ತಿದ್ದುದು ಮುಖ್ಯವಾಗಿ ತಾರೀಖನ್ನು; ಹತ್ತರಲ್ಲಿ ಸುಮಾರು ಎಂಟು ಮಂದಿ ಸಸ್ಯಾಹಾರದ ಗುರುತನ್ನು ಹುಡುಕುತ್ತಿದ್ದರು; ಪೋಷಕಾಂಶಗಳ ಪಟ್ಟಿಯತ್ತ ಕಣ್ಣು ಹಾಯಿಸುತ್ತಿದ್ದವರು ಮಾತ್ರ ಸುಮಾರು ಮೂರನೆಯ ಒಂದು ಪಾಲು. ಇವರೆಲ್ಲ ದೊಡ್ಡ ನಗರಗಳ ಸೂಪರ್ ಮಾರ್ಕೆಟ್ಟಿಗೆ ಹೋಗುವ ಜನರೆಂಬುದನ್ನು ನೆನಪಿಟ್ಟುಕೊಂಡರೆ, ನಮ್ಮ ಅತ್ತೆ ಅವರಿಗಿಂತ ಒಂದಿಂಚೂ ಹಿಂದೆ ಬಿದ್ದಿಲ್ಲ ಎಂಬುದು ತಿಳಿಯುತ್ತದೆ.

ಓದಲು ಬರುವಂತೆ ಮಾಡಿದ್ದನ್ನು ಜನ ಓದಿಯೇ ಓದುತ್ತಾರೆ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಬೆಳಗಿನ ಜಾವ ಯಾವುದಾದರೂ ಹಾಲಿನ ಬೂತಿನ ಮುಂದೆ ನಿಲ್ಲಬಹುದು. ‘ಎರಡು ನೀಲಿ, ಒಂದು ಆರೆಂಜ್’ ಎಂದು ಕೇಳಿ ಪಡೆಯುವವರಲ್ಲಿ ಸಹಿ ಹಾಕಲು ಬಾರದವರೂ ಇರುತ್ತಾರೆ. ನಂದಿನಿಯ ನೀಲಿ ಪ್ಯಾಕೆಟ್ ಶೇಕಡಾ 3ರಷ್ಟು ಕೊಬ್ಬಿರುವ ಟೋನ್ಡ್ ಹಾಲು, ಆರೆಂಜ್ ಬಣ್ಣದ ಶುಭಂ ಶೇಕಡಾ 4.5ರದ್ದು ಎಂಬ ಅಂಕಿ ಅವರಿಗೆ ಗೊತ್ತಿಲ್ಲದಿರಬಹುದು. ಆದರೆ ಯಾವುದು ಕಾಫಿಗೆ, ಯಾವುದು ಮೊಸರಿಗೆ, ಸಕ್ಕರೆ ಕಾಯಿಲೆಯ ಅಜ್ಜನಿಗೆ ಯಾವುದು ಎಂಬುದು ಚೆನ್ನಾಗಿ ಗೊತ್ತು. ಈ ಶತಮಾನದ ಆರಂಭದಲ್ಲಿ ಕಡ್ಡಾಯವಾದ ಹಸಿರು ಚುಕ್ಕೆಯ ಕಥೆಯೂ ಹಾಗೆಯೇ. ಅದನ್ನು ಗುರುತಿಸುವುದನ್ನು ಯಾರೂ ಪಾಠ ಮಾಡಿ ಕಲಿಸಲಿಲ್ಲ. ಎರಡೇ ಬಗೆ, ಎರಡೇ ಬಣ್ಣ, ಅದೂ ಜನರಿಗೆ ಬೇಕಾಗಿದ್ದ ಮಾಹಿತಿ. ಅಷ್ಟು ಸಾಕಾಯಿತು.

ತಿಪಟೂರಿನ ಸಮೀಪದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಅತ್ತೆಯ ಪ್ರಶ್ನೆ ತಲೆಯಲ್ಲಿದ್ದುದರಿಂದ, ಒಂಬತ್ತನೆಯ ತರಗತಿಯಲ್ಲಿ ಪರಮಾಣು ರಾಶಿಯ ಪಾಠ ಬಂದಾಗ, ಮನೆಯಲ್ಲಿ ತಿಂದು ಎಸೆಯುವ ಪೊಟ್ಟಣಗಳನ್ನು ತೊಳೆದು ಒಣಗಿಸಿ ತರುವಂತೆ ಮಕ್ಕಳಿಗೆ ಹೇಳಿದೆ. ಒಂದು ವಾರದಲ್ಲಿ ಮೇಜಿನ ಮೇಲೆ 43 ಪೊಟ್ಟಣಗಳು ಸೇರಿದವು. ಬಿಸ್ಕತ್ತು, ಚಿಪ್ಸ್, ನೂಡಲ್ಸ್, ಹಾಲಿಗೆ ಬೆರೆಸುವ ಪುಡಿ, ಮಾವಿನ ರಸವೆಂದು ಹೇಳಿಕೊಳ್ಳುವ ಪಾನೀಯ, ಖಾರದ ಕುರುಕಲು. ಐದು ರೂಪಾಯಿ, ಹತ್ತು ರೂಪಾಯಿಯ ಪೊಟ್ಟಣಗಳೇ ಹೆಚ್ಚು.

ಮೊದಲ ಕೆಲಸ ಪಟ್ಟಿಯನ್ನು ಹುಡುಕುವುದು. ಅದಕ್ಕೇ ಅರ್ಧ ಪೀರಿಯಡ್ ಹಿಡಿಯಿತು. ಕೆಲವು ಪೊಟ್ಟಣಗಳಲ್ಲಿ ಬೆಳ್ಳಿ ಬಣ್ಣದ ಹಾಳೆಯ ಮೇಲೆ ಬಿಳಿ ಅಕ್ಷರ. ಹದಿನಾಲ್ಕು ವರ್ಷದ ಕಣ್ಣಿಗೂ ಅದು ಭೂತಗನ್ನಡಿ ಕೇಳಿತು. ಪೆಪ್ಪರ್‌ಮಿಂಟು, ಪುಟ್ಟ ಚಾಕೊಲೇಟುಗಳ ಕಾಗದದಲ್ಲಿ ಪಟ್ಟಿಯೇ ಇರಲಿಲ್ಲ. ಇದು ಕಳ್ಳತನವಲ್ಲ, ನಿಯಮವೇ ಕೊಟ್ಟಿರುವ ವಿನಾಯಿತಿ. ಪೊಟ್ಟಣದ ಹೊರಮೈ 100 ಚದರ ಸೆಂಟಿಮೀಟರಿಗಿಂತ ಹೆಚ್ಚಿಲ್ಲದಿದ್ದರೆ ಪದಾರ್ಥಗಳ ಪಟ್ಟಿಯನ್ನೂ ಪೋಷಕಾಂಶಗಳ ವಿವರವನ್ನೂ ಅದರ ಮೇಲೆ ಅಚ್ಚು ಹಾಕಬೇಕಾಗಿಲ್ಲ. ಅವುಗಳನ್ನು ತುಂಬಿ ಬರುವ ದೊಡ್ಡ ಡಬ್ಬಿಯ ಮೇಲೆ ಇದ್ದರೆ ಸಾಕು. ಆ ಡಬ್ಬಿ ಅಂಗಡಿಯವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುತ್ತದೆ, ಅದರ ಪಟ್ಟಿಯಿರುವ ಮೈ ಸಾಮಾನ್ಯವಾಗಿ ಗೋಡೆಯ ಕಡೆ ತಿರುಗಿರುತ್ತದೆ. ಒಂದೊಂದೇ ರೂಪಾಯಿ ಕೊಟ್ಟು ಕೊಳ್ಳುವ ಮಗುವಿಗೆ ಮಾಹಿತಿಯ ಹಕ್ಕು ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೀಗೆ ಚದರ ಸೆಂಟಿಮೀಟರಿನಲ್ಲಿ ಅಳೆದಿಟ್ಟಿದ್ದಾರೆ.

ಪಟ್ಟಿ ಸಿಕ್ಕ ಮೇಲೆ ಅದನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದೆ. ಎನರ್ಜಿಗೆ ‘ಶಕ್ತಿ’ ಎಂದು ಬರೆದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ, “ಐನೂರು ಶಕ್ತಿ ಇದ್ರೆ ಒಳ್ಳೇದೇ ಅಲ್ವಾ ಮಿಸ್?” ನಾನು ಸೀಮೆಸುಣ್ಣ ಹಿಡಿದು ನಿಂತೇ ಬಿಟ್ಟೆ. ಕನ್ನಡದಲ್ಲಿ ಶಕ್ತಿ ಎಂದರೆ ತ್ರಾಣ, ಬಲ, ಕಸುವು, ಎಷ್ಟಿದ್ದರೂ ಸಾಲದ್ದು. ದಿನವಿಡೀ ತೆಂಗಿನಕಾಯಿ ಸುಲಿಯುವ ಅಪ್ಪನಿಗೆ 100 ಗ್ರಾಮಿನಲ್ಲಿ 500 ಕಿಲೊ ಕ್ಯಾಲೊರಿ ಇರುವ ಬಿಸ್ಕತ್ತು ದೋಷದ ವಸ್ತುವಾಗಿ ಕಾಣುವುದಾದರೂ ಹೇಗೆ? ಲೇಬಲ್ಲನ್ನು ಕನ್ನಡಕ್ಕೆ ತಂದುಬಿಟ್ಟರೆ ಸಮಸ್ಯೆ ಬಗೆಹರಿಯಿತು ಎಂದುಕೊಂಡಿದ್ದ ನನಗೆ ಅಂದು ಒಂದು ಪಾಠವಾಯಿತು. ಸ್ಯಾಚುರೇಟೆಡ್ ಫ್ಯಾಟನ್ನು ‘ಪರ್ಯಾಪ್ತ ಕೊಬ್ಬು’ ಎಂದು ಅಚ್ಚ ಕನ್ನಡದಲ್ಲಿ ಬರೆದರೂ ಅದು ಮೈಗೆ ಬೇಕಾದದ್ದೋ ಬೇಡದ್ದೋ ಎಂಬುದನ್ನು ಆ ಪದ ಹೇಳುವುದಿಲ್ಲ. ಪರ್ಯಾಪ್ತ ಎಂಬುದಕ್ಕೆ ಸಾಕಷ್ಟು, ಪೂರ್ಣ ಎಂಬ ಮಂಗಳಕರ ಅರ್ಥವೇ ನಮ್ಮ ಕಿವಿಗೆ ಮೊದಲು ಕೇಳಿಸುತ್ತದೆ.

ಇದಕ್ಕಿಂತ ದೊಡ್ಡ ಗೊಂದಲವನ್ನು ಪಟ್ಟಿಯ ಕೊನೆಯ ಕಾಲಂ ತಂದಿಟ್ಟಿತು. 2020ರಲ್ಲಿ ಹೊರಟು 2022ರ ಜುಲೈನಿಂದ ಜಾರಿಗೆ ಬಂದ ಲೇಬಲ್ ನಿಯಮಗಳ ಪ್ರಕಾರ, ಒಂದು ಬಾರಿ ತಿನ್ನುವ ಪ್ರಮಾಣದಲ್ಲಿ ದಿನದ ಲೆಕ್ಕದ ಶೇಕಡಾ ಎಷ್ಟು ಪಾಲಿದೆ ಎಂಬುದನ್ನು ತಯಾರಕರು ತೋರಿಸಬೇಕು. ಆ ದಿನದ ಲೆಕ್ಕ ಹೀಗಿದೆ: 2,000 ಕಿಲೊ ಕ್ಯಾಲೊರಿ, 67 ಗ್ರಾಂ ಕೊಬ್ಬು, ಅದರಲ್ಲಿ 22 ಗ್ರಾಂ ಪರ್ಯಾಪ್ತ ಕೊಬ್ಬು, 2 ಗ್ರಾಂ ಟ್ರಾನ್ಸ್ ಕೊಬ್ಬು (ವನಸ್ಪತಿಯಂಥವುಗಳಲ್ಲಿರುವ, ಹೃದಯಕ್ಕೆ ಕೆಡುಕಾದ ಕೊಬ್ಬು), ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2,000 ಮಿಲಿಗ್ರಾಂ. ಸಕ್ಕರೆ, ಸೋಡಿಯಂ, ಟ್ರಾನ್ಸ್ ಕೊಬ್ಬಿನ ಮಟ್ಟಿಗೆ ಇವು ದಾಟಬಾರದ ಗೆರೆಗಳು. ಆದರೆ ಪೊಟ್ಟಣದ ಮೇಲೆ ಈ ಕಾಲಮಿನ ಶಿರೋನಾಮೆ ಆರ್‌ಡಿಎ, ಅಂದರೆ ಶಿಫಾರಸು ಮಾಡಿದ ದೈನಂದಿನ ಪ್ರಮಾಣ. ಒಂದು ಪೊಟ್ಟಣದಲ್ಲಿ ಸೇರಿಸಿದ ಸಕ್ಕರೆ ಶೇಕಡಾ 12 ಎಂದಿತ್ತು. ತರಗತಿಯ ಜಾಣೆಯೊಬ್ಬಳು ತಕ್ಷಣ ಕಳೆದು ನೋಡಿ, “ಹಾಗಾದರೆ ಇವತ್ತಿಗೆ ಇನ್ನೂ 88 ತಿನ್ನಬೇಕಾ ಮಿಸ್?” ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಟ್ರಾನ್ಸ್ ಕೊಬ್ಬನ್ನೂ ದಿನಕ್ಕೆ 2 ಗ್ರಾಂ ‘ಶಿಫಾರಸು’ ಮಾಡುವಂತೆ ಕಾಣುವ ಶಿರೋನಾಮೆಯಲ್ಲಿ.

ಒಂದು ಬಾರಿ ತಿನ್ನುವ ಪ್ರಮಾಣವನ್ನು ನಿರ್ಧರಿಸುವವರು ಯಾರು ಎಂಬುದು ಇನ್ನೊಂದು ಕಥೆ. ಬಿಸ್ಕತ್ತಿನ ಪೊಟ್ಟಣವೊಂದರ ಪ್ರಕಾರ ಅದು ಮೂರು ಬಿಸ್ಕತ್ತು, 25 ಗ್ರಾಂ. ತರಗತಿಯಲ್ಲಿ ಮೂರೇ ಬಿಸ್ಕತ್ತು ತಿಂದು ಪೊಟ್ಟಣವನ್ನು ಮಡಿಸಿಡುವವರು ಕೈ ಎತ್ತಿ ಎಂದರೆ ನಗುವೇ ಉತ್ತರವಾಯಿತು. ಇಡೀ ಪೊಟ್ಟಣ 75 ಗ್ರಾಂ. 100 ಗ್ರಾಮಿಗೆ 25 ಗ್ರಾಂ ಸಕ್ಕರೆಯಾದರೆ ಒಂದು ಪೊಟ್ಟಣದಲ್ಲಿ ಸುಮಾರು 19 ಗ್ರಾಂ, ಅಂದರೆ ನಾಲ್ಕೂವರೆ ಚಹಾ ಚಮಚಕ್ಕೂ ಹೆಚ್ಚು. ಆ ಶೇಕಡಾವಾರು ಲೆಕ್ಕವಾದರೂ 2,000 ಕಿಲೊ ಕ್ಯಾಲೊರಿ ಬೇಕಾಗುವ ವಯಸ್ಕರದ್ದು. ನಾಲ್ಕರಿಂದ ಆರು ವರ್ಷದ ಮಗುವಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಪ್ರಮಾಣ 1,360 ಕಿಲೊ ಕ್ಯಾಲೊರಿ. ಕಾರ್ಟೂನ್ ಚಿತ್ರ ಹಾಕಿ ಆ ವಯಸ್ಸಿನ ಮಗುವಿಗೇ ಮಾರುವ ತಿಂಡಿಯ ಬೆನ್ನ ಮೇಲೂ ದೊಡ್ಡವರ ಲೆಕ್ಕವೇ ಇರುತ್ತದೆ.

ಉಪ್ಪಿನ ಲೆಕ್ಕ ಮಾತ್ರ ಮಕ್ಕಳಿಗೆ ಬಲು ಇಷ್ಟವಾಯಿತು. ಉಪ್ಪೆಂದರೆ ಸೋಡಿಯಂ ಮತ್ತು ಕ್ಲೋರಿನ್; ಪರಮಾಣು ರಾಶಿ ಸೋಡಿಯಂ 23, ಕ್ಲೋರಿನ್ 35.5, ಒಟ್ಟು 58.5, ಆದ್ದರಿಂದ ಉಪ್ಪಿನ ತೂಕದಲ್ಲಿ ಸುಮಾರು ಶೇಕಡಾ 39 ಸೋಡಿಯಂ, ಆದ್ದರಿಂದ ಸೋಡಿಯಮ್ಮನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಒಂದು ನೂಡಲ್ಸ್ ಪೊಟ್ಟಣ 70 ಗ್ರಾಮಿನದು, 100 ಗ್ರಾಮಿಗೆ 1,200 ಮಿಲಿಗ್ರಾಂ ಸೋಡಿಯಂ. ಮಕ್ಕಳು ಕಾಗದದ ಮೇಲೆ 840 ಎಂದು ತೆಗೆದರು, ಅದನ್ನು 2.1 ಗ್ರಾಂ ಉಪ್ಪಾಗಿಸಿದರು, ಪ್ರಯೋಗಾಲಯದ ತಕ್ಕಡಿಯಲ್ಲಿ ಅಷ್ಟನ್ನು ತೂಗಿ ವಾಚ್ ಗ್ಲಾಸಿಗೆ ಸುರಿದರು. ಅದರ ಪಕ್ಕದಲ್ಲಿ ಇನ್ನೊಂದರಲ್ಲಿ ಇಡೀ ದಿನದ 5 ಗ್ರಾಂ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಯಾರಿಗೂ ವಿವರಣೆ ಬೇಕಾಗಲಿಲ್ಲ. ಆದರೆ ಅಲ್ಲಿಗೆ ಬರಲು ಒಂದು ರಸಾಯನಶಾಸ್ತ್ರದ ಪಾಠ, ಎರಡು ಗುಣಾಕಾರ, ಒಂದು ಭಾಗಾಕಾರ, ಒಂದು ತಕ್ಕಡಿ ಮತ್ತು ನಲವತ್ತೈದು ನಿಮಿಷ ಬೇಕಾಯಿತು. ಸಂಜೆ ಆರಕ್ಕೆ ಕೂಲಿ ಮುಗಿಸಿ ಬಂದು, ಅಳುವ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಯಲ್ಲಿ ನಿಂತ ತಾಯಿ ಇದನ್ನೆಲ್ಲ ಮಾಡಬೇಕೆಂದು ನಾವು ನಿರೀಕ್ಷಿಸುತ್ತಿದ್ದೇವೆ.

ಭಾಷೆಯ ವಿಷಯಕ್ಕೆ ಬಂದರೆ, ದೇಶದ ಲೇಬಲ್ ನಿಯಮ ಕೇಳುವುದು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯನ್ನು. ಬೇರೆ ಭಾಷೆಗಳನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ ಎಂದಷ್ಟೇ ಅದು ಹೇಳುತ್ತದೆ. ಅಡ್ಡಿಯಿಲ್ಲ ಎನ್ನುವುದಕ್ಕೂ ಬೇಕು ಎನ್ನುವುದಕ್ಕೂ ಇರುವ ಅಂತರ ಅಂಗಡಿಯ ಕಪಾಟಿನಲ್ಲಿ ಎದ್ದು ಕಾಣುತ್ತದೆ. ‘ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022’ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲಿಯೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಸರ್ಕಾರ ಸೂಚನೆಯನ್ನೂ ಹೊರಡಿಸಿತು. ಒಳ್ಳೆಯದೇ. ಆದರೆ ಉತ್ಪನ್ನದ ಹೆಸರು ಕನ್ನಡದಲ್ಲಿ ಬಂದರೆ ನನಗೆ ಹೆಮ್ಮೆಯಾಗುತ್ತದೆ, ಉಪ್ಪಿನ ಸಾಲು ಕನ್ನಡದಲ್ಲಿ ಬಂದರೆ ಅತ್ತೆಗೆ ಉಪಯೋಗವಾಗುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಉಪ್ಪಿನ ಸಾಲನ್ನೇ ಆರಿಸುತ್ತೇನೆ.

ಬೆನ್ನ ಮೇಲಿನ ಪಟ್ಟಿ ಇಷ್ಟು ಮೌನವಾಗಿರುವಾಗ ಪೊಟ್ಟಣದ ಮುಖ ಮಾತ್ರ ಜೋರಾಗಿ ಮಾತನಾಡುತ್ತದೆ. ಮಕ್ಕಳು ತಂದವುಗಳಲ್ಲಿ ಒಂದು ರಾಗಿ ಬಿಸ್ಕತ್ತಿತ್ತು. ಮುಂಭಾಗದಲ್ಲಿ ತುಂಬಿದ ರಾಗಿ ತೆನೆ, ಮಣ್ಣಿನ ಬಟ್ಟಲು. ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ, ಅದರ ನಂತರ ಶೇಕಡಾ 14 ರಾಗಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು, ಚಿತ್ರದಲ್ಲೋ ಮಾತಿನಲ್ಲೋ ಎತ್ತಿ ತೋರಿಸಿದ ಪದಾರ್ಥ ಎಷ್ಟು ಪಾಲಿದೆ ಎಂಬುದನ್ನು ಹೇಳಬೇಕು ಎಂಬ ನಿಯಮವಿರುವುದರಿಂದಲೇ ಇಷ್ಟಾದರೂ ತಿಳಿಯಿತು. ಎರಡು ಎಕರೆ ರಾಗಿ ಬೆಳೆಯುವ ಮನೆಯ ಹುಡುಗನೊಬ್ಬ ಆ ಪೊಟ್ಟಣವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ.

ಮುಖದ ಮಾತು ಎಷ್ಟು ಅಪಾಯಕ್ಕೆ ಹೋಗಬಹುದು ಎಂಬುದಕ್ಕೆ ಓಆರ್‌ಎಸ್ ಪ್ರಕರಣ ಸಾಕ್ಷಿ. ವಾಂತಿಭೇದಿಯಾದ ಮಗುವಿಗೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ದ್ರಾವಣದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಹೀಗೆ ಅಳತೆ ಖಚಿತವಾಗಿದೆ. ಸಕ್ಕರೆ ಮಿತಿ ಮೀರಿದರೆ ಅದು ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸಬಹುದು. ಹೀಗಿದ್ದರೂ ಹೆಸರಿನಲ್ಲಿ ಓಆರ್‌ಎಸ್ ಎಂಬ ಅಕ್ಷರಗಳನ್ನು ಸೇರಿಸಿಕೊಂಡ ಸಿಹಿ ಪಾನೀಯಗಳು ಔಷಧಿ ಅಂಗಡಿಗಳಲ್ಲೇ ಮಾರಾಟವಾಗುತ್ತಿದ್ದವು. ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ’ ಎಂಬ ಸಾಲನ್ನು ಅಚ್ಚು ಹಾಕಿದರೆ ಸಾಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಒಪ್ಪಿತ್ತು. ದೊಡ್ಡ ಅಕ್ಷರದ ಹೆಸರನ್ನು ಸಣ್ಣ ಅಕ್ಷರದ ಸಾಲು ಅಳಿಸಿಹಾಕುತ್ತದೆ ಎಂದು ನಂಬಿದವರು ಯಾವ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಾರೋ ತಿಳಿಯದು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆ ಅನುಮತಿ ರದ್ದಾಯಿತು.

ಬೋರ್ನ್‌ವಿಟಾ ಪ್ರಕರಣ ಹೆಚ್ಚಿನವರಿಗೆ ನೆನಪಿರಬಹುದು. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬ ಯುವಕ ಅದರ ಸಕ್ಕರೆಯ ಪ್ರಮಾಣದ ಬಗ್ಗೆ ವಿಡಿಯೊ ಮಾಡಿದರು, ಕಂಪನಿಯ ಕಾನೂನು ನೋಟಿಸು ಬಂದ ಮೇಲೆ ಅದನ್ನು ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ವಿಷಯ ದೇಶವೆಲ್ಲ ಹರಡಿ, ವರ್ಷದ ಕೊನೆಗೆ ಕಂಪನಿ ಸೇರಿಸಿದ ಸಕ್ಕರೆಯನ್ನು ಶೇಕಡಾ 14ರಷ್ಟು ಇಳಿಸಿತು. ಮರುವರ್ಷ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಲ್ಲಿ ಇಡಬಾರದೆಂದು ಕೇಂದ್ರ ಸರ್ಕಾರ ಆನ್‌ಲೈನ್ ಮಳಿಗೆಗಳಿಗೆ ಸೂಚಿಸಿತು. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಆ ವಿಡಿಯೊದಲ್ಲಿ ಗುಟ್ಟಿನ ಮಾಹಿತಿಯೇನೂ ಇರಲಿಲ್ಲ. ಸಕ್ಕರೆಯ ಅಂಕಿ ಅಷ್ಟು ವರ್ಷ ಡಬ್ಬಿಯ ಬೆನ್ನ ಮೇಲೆಯೇ ಇತ್ತು. ಅದನ್ನು ಯಾರೋ ಒಬ್ಬರು ಮನುಷ್ಯರ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದರು, ಅಷ್ಟೇ.

ಪೊಟ್ಟಣದ ಮುಂಭಾಗದಲ್ಲೇ ಸರಳವಾದ ಗುರುತು ಇರಲಿ ಎಂಬ ಯೋಚನೆ ನಮ್ಮಲ್ಲಿ ಹೊಸದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಕರಡು ನಿಯಮದಲ್ಲಿ ಕೆಂಪು ಬಣ್ಣದ ಗುರುತಿತ್ತು. ಉದ್ಯಮ ಒಪ್ಪಲಿಲ್ಲ, ಕರಡು ಮೂಲೆ ಸೇರಿತು. 2022ರ ಸೆಪ್ಟೆಂಬರಿನಲ್ಲಿ ಇನ್ನೊಂದು ಕರಡು ಬಂತು. ಅಹಮದಾಬಾದಿನ ಐಐಎಂ 20,000ಕ್ಕೂ ಹೆಚ್ಚು ಜನರನ್ನು ಕೇಳಿ ನಡೆಸಿದ ಅಧ್ಯಯನವನ್ನು ಮುಂದಿಟ್ಟುಕೊಂಡು, ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿಯನ್ನು ಅದು ಸೂಚಿಸಿತು. 14,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳಲ್ಲಿ ಶಿಫಾರಸು ಸಿದ್ಧಪಡಿಸಿ ಎಂದು ಗಡುವು ಕೊಟ್ಟಿತು, ಗಡುವು ಮತ್ತೆ ಮುಂದಕ್ಕೆ ಹೋಯಿತು.

ನಕ್ಷತ್ರಗಳ ಬಗ್ಗೆ ನನಗೆ ಒಲವಿಲ್ಲ. ಈ ಪದ್ಧತಿಯಲ್ಲಿ ಸಕ್ಕರೆ, ಉಪ್ಪು, ಕೊಬ್ಬಿನ ದೋಷಗಳನ್ನು ನಾರು, ಪ್ರೋಟೀನು, ಹಣ್ಣು, ಕಾಳುಗಳ ಗುಣದಿಂದ ತೂಗಿಸಬಹುದು. ಸಿಹಿ ಸುರಿದ ಧಾನ್ಯದ ತಿಂಡಿಗೆ ಒಂದಿಷ್ಟು ತೌಡು ಬೆರೆಸಿದರೆ ನಕ್ಷತ್ರ ಏರುತ್ತದೆ. ಬಿಪಿ ಇರುವವರಿಗೆ ಬೇಕಾದದ್ದು ಉಪ್ಪು ಹೆಚ್ಚೋ ಅಲ್ಲವೋ ಎಂಬ ಒಂದೇ ಮಾತು. ಅದು ಸರಾಸರಿಯೊಳಗೆ ಕರಗಿಹೋಗುತ್ತದೆ. ಇನ್ನೂ ಒಂದು ತೊಡಕಿದೆ. 2006ರಿಂದ ಫ್ರಿಜ್ಜು, ಎ.ಸಿ.ಗಳ ಮೇಲೆ ನಕ್ಷತ್ರ ನೋಡಿ ನೋಡಿ ನಮ್ಮ ಮನಸ್ಸು ಅದನ್ನು ಬಹುಮಾನವೆಂದೇ ಓದಲು ಕಲಿತಿದೆ. ಒಂದೂವರೆ ನಕ್ಷತ್ರದ ಚಿಪ್ಸ್ ಎಂದರೆ ಕೆಟ್ಟದ್ದೆಂದು ಯಾರ ತಲೆಗೂ ಹೊಳೆಯುವುದಿಲ್ಲ. ಒಂದೂವರೆಯಾದರೂ ಸಿಕ್ಕಿದೆಯಲ್ಲ ಎನ್ನಿಸುತ್ತದೆ.

ಚಿಲಿ ದೇಶ ಬೇರೆ ದಾರಿ ಹಿಡಿಯಿತು. 2016ರ ಜೂನ್‌ನಿಂದ ಅಲ್ಲಿ ಸಕ್ಕರೆ, ಸೋಡಿಯಂ, ಪರ್ಯಾಪ್ತ ಕೊಬ್ಬು, ಕ್ಯಾಲೊರಿ ಇವುಗಳಲ್ಲಿ ಯಾವುದು ಮಿತಿ ಮೀರಿದರೂ ಪೊಟ್ಟಣದ ಮುಂದೆ ಎಂಟು ಮೂಲೆಯ ಕಪ್ಪು ಗುರುತು ಬೀಳುತ್ತದೆ, ಅದರೊಳಗೆ ‘ಸಕ್ಕರೆ ಹೆಚ್ಚು’ ಎಂಬಂಥ ಎರಡೇ ಮಾತು. ಗುರುತು ಬಿದ್ದದ್ದನ್ನು ಶಾಲೆಯಲ್ಲಿ ಮಾರುವಂತಿಲ್ಲ, ಅದರ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನು ಇರುವಂತಿಲ್ಲ. ಜಾರಿಯಾದ ಮೊದಲ ಹಂತದಲ್ಲೇ ಆ ಗುರುತು ಬೀಳುವಂಥ ಪಾನೀಯಗಳ ಖರೀದಿ ಸುಮಾರು ಶೇಕಡಾ 24ರಷ್ಟು ಇಳಿಯಿತೆಂದು ಸಂಶೋಧಕರು ಲೆಕ್ಕ ಹಾಕಿದರು. ಶಾಲೆಯಿಂದ ಬಂದ ಮಕ್ಕಳೇ ಕಪ್ಪು ಗುರುತು ತೋರಿಸಿ ಇದು ಬೇಡ ಎನ್ನುತ್ತಾರೆಂದು ಅಲ್ಲಿನ ತಾಯಂದಿರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಗುಣಾಕಾರ ಬೇಡ, ಭೂತಗನ್ನಡಿ ಬೇಡ. ನಮ್ಮ ಹಸಿರು ಚುಕ್ಕೆಯ ತರ್ಕವೇ ಇದು.

ಇಷ್ಟು ಬರೆದ ಮೇಲೆ ನನ್ನ ವಾದಕ್ಕೆ ನಾನೇ ಎತ್ತಬೇಕಾದ ತಕರಾರೊಂದಿದೆ. ಅರ್ಥವಾದದ್ದನ್ನೆಲ್ಲ ಜನ ಒಪ್ಪುತ್ತಾರೆಯೇ? ಬೆಂಗಳೂರಿನಲ್ಲಿರುವ ನಮ್ಮ ಭಾವನವರು ಔಷಧ ಕಂಪನಿಯಲ್ಲಿ ಕೆಲಸ ಮಾಡಿದವರು; ಮಾಲ್ಟೊಡೆಕ್ಸ್ಟ್ರಿನ್, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಲ್ಲವೂ ಸಕ್ಕರೆಯ ಬಳಗವೇ ಎಂದು ನನಗೆ ಹೇಳಿಕೊಟ್ಟವರೇ ಅವರು. ಹಬ್ಬಕ್ಕೆ ಬಂದಾಗ ಚಿಪ್ಸಿನ ದೊಡ್ಡ ಪೊಟ್ಟಣವನ್ನು ಒಡೆದು, ಬೆನ್ನ ಮೇಲಿನ ಪಟ್ಟಿಯನ್ನು ಎಲ್ಲರಿಗೂ ವಿವರಿಸುತ್ತಲೇ ಅದನ್ನು ಖಾಲಿ ಮಾಡುತ್ತಾರೆ. “ಗೊತ್ತಮ್ಮ, ದಿನಾ ತಿಂತೀವಾ?” ಎಂಬುದು ಅವರ ಸಮಾಧಾನ. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರ ರಾಷ್ಟ್ರೀಯ ಅಧ್ಯಯನ ಹೇಳಿತು. ಅವರಲ್ಲಿ ಲೇಬಲ್ ಅರ್ಥವಾಗುವ ಭಾವಂದಿರೂ ಸಾಕಷ್ಟಿರಬೇಕು.

ಒಪ್ಪದಿರುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣಗಳೂ ಇವೆ. ಲೆಕ್ಕವನ್ನು ಎಲ್ಲರಿಗಿಂತ ಬೇಗ ಮಾಡಿದ ಆ ಜಾಣೆಯ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುತ್ತಾರೆ. ಶಾಲೆಯ ಹಾಲು, ಬಿಸಿಯೂಟ ಸಿಗುವವರೆಗೆ ಅವಳಿಗೂ ತಮ್ಮನಿಗೂ ಚಹಾ ಮತ್ತು ಐದು ರೂಪಾಯಿಯ ಬಿಸ್ಕತ್ತೇ ತಿಂಡಿ. ಅದರಲ್ಲಿ ಎಷ್ಟು ಚಮಚ ಸಕ್ಕರೆ ಇದೆಯೆಂದು ಈಗ ಅವಳಿಗೆ ಗೊತ್ತು. ಗೊತ್ತಾದದ್ದರಿಂದ ಅವಳ ಬೆಳಗು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಅಂಥ ಮನೆಗಳಿಗೆ ಎಚ್ಚರಿಕೆಯ ಗುರುತು ಸಹಾಯ ಮಾಡುವುದು ಕೊಳ್ಳುವವರ ಕಡೆಯಿಂದಲ್ಲ, ತಯಾರಿಸುವವರ ಕಡೆಯಿಂದ ಎಂದು ನನ್ನ ಎಣಿಕೆ; ಕಪ್ಪು ಗುರುತು ಬೀಳಬಾರದೆಂಬ ಭಯಕ್ಕೆ ಕಂಪನಿ ಸಕ್ಕರೆಯನ್ನು ಇಳಿಸಿದರೆ, ಲೇಬಲ್ಲನ್ನು ನೋಡದ ಮಗುವಿಗೂ ಅಷ್ಟು ಸಕ್ಕರೆ ಕಡಿಮೆಯಾಗುತ್ತದೆ.

ಹೀಗೆ ಅಳೆದರೆ ನಮ್ಮ ಸಾಂಪ್ರದಾಯಿಕ ತಿನಿಸುಗಳಿಗೆಲ್ಲ ಕಪ್ಪು ಗುರುತೇ ಬೀಳುತ್ತದೆ ಎಂಬ ಉದ್ಯಮದ ವಾದವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಮೈಸೂರು ಪಾಕಿಗೆ ಸಕ್ಕರೆ, ತುಪ್ಪ ಎರಡರ ಗುರುತೂ ಬೀಳುತ್ತದೆ, ಬೀಳಲಿ. ಮೈಸೂರು ಪಾಕು ಮೈಗೆ ಹಿತವೆಂದು ಇದುವರೆಗೆ ಯಾರೂ ನಮಗೆ ಹೇಳಿಲ್ಲ. ರಾಗಿ ತೆನೆಯ ಚಿತ್ರದ ಮೈದಾ ಬಿಸ್ಕತ್ತು ಹಾಗೆ ಹೇಳುತ್ತಿದೆ. ಬೇಕರಿಯ ಗಾಜಿನ ಪೆಟ್ಟಿಗೆಯ ಖಾರಾ ಬನ್ನು, ಕಾಂಡಿಮೆಂಟ್ಸ್ ಅಂಗಡಿಯ ಕೋಡುಬಳೆ ಇವಕ್ಕೆ ಯಾವ ಲೇಬಲ್ಲೂ ಇಲ್ಲವೆಂಬುದೂ ನಿಜವೇ.

ಇದನ್ನೇ ಅತ್ತೆ ಇನ್ನೊಂದು ರೀತಿಯಲ್ಲಿ ನನಗೆ ಕೇಳಿದರು. ಸೂಪಿನ ಪೊಟ್ಟಣಗಳನ್ನು ಅವರು ಆ ದಿನವೇ ನಿಲ್ಲಿಸಿದ್ದರು. ಬಿಸ್ಕತ್ತನ್ನು ಮಾತ್ರ ಬಿಟ್ಟಿರಲಿಲ್ಲ, ಅದರ ಬಗ್ಗೆ ನಾನೂ ಮಾತೆತ್ತಿರಲಿಲ್ಲ. ಬೇಸಿಗೆಯಲ್ಲಿ ಮಾವಿನಕಾಯಿ ಹೆಚ್ಚುತ್ತಾ ಕುಳಿತವರು, “ಪೊಟ್ಟಣದ್ದೆಲ್ಲ ಲೆಕ್ಕ ಹಾಕ್ತೀಯಲ್ಲ, ಈ ಉಪ್ಪಿನಕಾಯಿದೂ ಹಾಕಿ ಹೇಳು ನೋಡೋಣ” ಎಂದರು. ಹಾಕಿದೆ. ಊಟದ ಎಲೆಯಲ್ಲಿ ಅವರು ಬಡಿಸಿಕೊಳ್ಳುವ ಎರಡು ಹೋಳಿನ ಲೆಕ್ಕ ಸೂಪಿನ ಬಟ್ಟಲಿಗೆ ಬಹಳ ಹತ್ತಿರ ಬಂತು. ಅವರು ಏನೂ ಅನ್ನಲಿಲ್ಲ. ಪ್ರತಿ ವರ್ಷ ಜಾಡಿಯ ಮುಚ್ಚಳಕ್ಕೆ ತಾರೀಖು ಬರೆದ ಚೀಟಿ ಅಂಟಿಸುವುದು ಅವರ ಪದ್ಧತಿ. ಈ ಸಲದ ಚೀಟಿಯಲ್ಲಿ ತಾರೀಖಿನ ಕೆಳಗೆ, ಅವರದೇ ದುಂಡು ಕೈಬರಹದಲ್ಲಿ, ಇನ್ನೊಂದು ಸಾಲಿದೆ: ‘ಉಪ್ಪು, ಒಂದೂಕಾಲು ಪಾವು.’